ಓವನ್ನಿನೊಳಗಿನ ಹೆಡ್ಡು

“ಮಾವ, ಆ ಕಾರನ್ನ ಒಂದ್ಸಲ ನನ್ನ ಕೈಗೆ ಕೊಟ್ಟು ನೋಡಿ! ಈಸ್ಟರ್ ಹೊತ್ತಿಗೆ ಅದು ಮದುಮಗಳ ಹಾಗೆ ಮಿಂಚ್ತಾ ನಿಂತಿರದಿದ್ರೆ ನನ್ನ ಹೆಸರು ಲಯನೆಲ್ ಪೆಕೋವರ್ ಅಲ್ಲ!”

ಕ್ರಿಸ್‌ಮಸ್ ದಿನ ಮಾವನ ಮನೆಯ ಊಟದ ಮೇಜಿನಲ್ಲಿ, ಎರಡು ಲೋಟ ಷೆರಿ ವೈನು ಗಂಟಲಿನಿಂದ ಇಳಿದ ಮೇಲೆ ಲಯನೆಲ್ ಮಾಡಿದ ಭೀಷ್ಮಪ್ರತಿಜ್ಞೆ ಇದು. ಆಸಾಮಿ ಲಫ್‌ಬರೋ ಊರಿನ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಅಮೆಜಾನ್ ನದಿ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ಕಾರಿಗೆ ಎಣ್ಣೆ ಎಲ್ಲಿ ಹುಯ್ದರೆ ಎಲ್ಲಿಗೆ ಹೋಗುತ್ತದೆಂಬುದು ಮಾತ್ರ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ಮಾವ ಅರ್ನೆಸ್ಟ್ ಆಕ್ರಾಯ್ಡ್ ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಕಡೆಯ ಮನುಷ್ಯ. ಉಣ್ಣೆ ಗಿರಣಿಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾದವನು. ನಕ್ಕರೆ ಹಲ್ಲಿಗೆ ಶೀತವಾದೀತೆಂದು ನಗುವುದನ್ನೇ ಬಿಟ್ಟವನು! ಎರಡೇ ಸೀಟಿನ ಆ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಆತ ಒಂದು ಕಾಲಕ್ಕೆ ಹೆಂಡತಿ ಈಡಿತ್‌ಳನ್ನು ಕೂರಿಸಿಕೊಂಡು ಸ್ಕಾರ್‌ಬರೋದ ಸಮುದ್ರತೀರಕ್ಕೆ ಹೋಗಿದ್ದ. ಈಡಿತ್ ಈಗಿಲ್ಲ. ಕಾರು ಕೋಳಿಮನೆಯಲ್ಲಿತ್ತು. ಡ್ರೈವರ್ ಸೀಟಿನಲ್ಲಿ ಒಂದು ಕಂದು ಹೇಂಟೆ ಸಂಸಾರ ಹೂಡಿ ತಲೆಮಾರುಗಳನ್ನೇ ಎಬ್ಬಿಸಿತ್ತು.

“ಕೊಡ್ತೀನಿ,” ಎಂದ ಆಕ್ರಾಯ್ಡ್. “ಆದ್ರೆ ನೋಡು ಅಳಿಯಪ್ಪ, ಹಳೇ ಕಾರು ಕೊಳ್ಳೋನೊಬ್ಬ ನನ್ನ ಬಾಗಿಲು ತಟ್ತಾನೇ ಇದಾನೆ. ಈಸ್ಟರ್ ಆದ ಮುಂದಿನ ಭಾನುವಾರ ಊಟಕ್ಕೆ ಬರ್ತೀನಿ, ಟ್ರೈಲರ್ ಕಟ್ಕೊಂಡೇ ಬರ್ತೀನಿ. ಜೋಡಿಸಿದ್ದು ಒಂದಾದ್ರೂ ಕಂಡ್ರೆ ಕಾರು ನಿಮ್ಮನೇಲೇ ಇರುತ್ತೆ. ಬರೀ ಬಿಚ್ಚಿದ್ದೇ ಕಂಡ್ರೆ, ನನ್ನ ಹಿಂದೆ ಬರುತ್ತೆ.”

“ಒಂದೇ? ಇಡೀ ಕಾರನ್ನೇ ಜೋಡಿಸಿರ್ತೀನಿ ಮಾವ!”

ಬಿಚ್ಚುವ ವಿದ್ಯೆ ಲಯನೆಲ್‌ಗೆ ದೈವದತ್ತವಾಗಿ ಬಂದಿತ್ತು. ಫೆಬ್ರವರಿಯೊಳಗೆ ಕಾರು ಲಫ್‌ಬರೋದ ಮನೆಯ ಗ್ಯಾರೇಜಿನ ನೆಲ, ಗೋಡೆ, ಕಪಾಟು ಎಲ್ಲ ಕಡೆ ಹರಡಿಕೊಂಡು ಜಗದ್ವ್ಯಾಪಿಯಾಯಿತು. ಜೋಡಿಸುವ ವಿದ್ಯೆ ಮಾತ್ರ ಬರುವ ದಾರಿಯಲ್ಲೇ ಎಲ್ಲೋ ತಂಗಿತ್ತು. ಒಮ್ಮೆ ಕಾರ್ಬ್ಯುರೇಟರಿನ ಜಿಡ್ಡು ಬಿಡಿಸಲೆಂದು ಅದನ್ನು ಹೆಂಡತಿ ಥೆಲ್ಮಾಳ ಜಾಮ್ ಮಾಡುವ ಪಾತ್ರೆಯಲ್ಲಿ ಕುದಿಸಿದ. ಅವಳು ಬಂದು ಮುಚ್ಚಳ ತೆಗೆದು ನೋಡಿದಳು.

“ಲಯನೆಲ್, ಇದು ಯಾವ ಹಣ್ಣಿನ ಜಾಮು?”

“ಅದು... ಸ್ವಲ್ಪ ಎಣ್ಣೆ ಬಿಡ್ಲಿ ಅಂತ...”

“ಕೇಳ್ಕೋ. ಇನ್ನು ಮುಂದೆ ಗ್ಯಾರೇಜಿನ ಒಂದು ಮೊಳೆ ನನ್ನ ಅಡುಗೆಮನೆ ಹೊಸ್ತಿಲು ದಾಟಿದ್ರೂ, ಅಪ್ಪ ಬರೋವರೆಗೂ ಕಾಯೋದಿಲ್ಲ. ನಾನೇ ಕಾರು ಎಳ್ಕೊಂಡು ಹೋಗಿ ಕೋಳಿಮನೇಲಿ ಬಿಟ್ಟು ಬರ್ತೀನಿ!”

ಲಯನೆಲ್ ಎದೆ ಮುಟ್ಟಿ ಮಾತು ಕೊಟ್ಟ.

ಹಾಗೆಯೇ ಆ ಭಾನುವಾರ ಬಂದೇಬಿಟ್ಟಿತು. ಜೋಡಿಸಿದ್ದು ಒಂದೂ ಇಲ್ಲ! ಲಯನೆಲ್‌ಗೆ ಉಳಿದ ಒಂದೇ ಆಸೆ ಎಂದರೆ ಎಂಜಿನ್ನಿನ ತಲೆಭಾಗ, ಅಂದರೆ ಮೆಕ್ಯಾನಿಕ್ಕುಗಳ ಬಾಯಲ್ಲಿ ‘ಹೆಡ್ಡು’. ಅದರ ತೂತುಗಳಿಗೆ ಕಂಚಿನ ಪುಟ್ಟ ಕೊಳವೆಗಳನ್ನು ಕೂರಿಸಬೇಕು. ಅವಕ್ಕೆ ‘ಗೈಡು’ ಎನ್ನುತ್ತಾರೆ. ಗೈಡು ಓದಿ ಪಾಸಾಗುವ ಹುಡುಗರನ್ನು ವರ್ಷಗಟ್ಟಲೆ ಬೈದ ಮೇಷ್ಟ್ರು ಈಗ ಗೈಡನ್ನೇ ನಂಬಿ ಪಾಸಾಗಬೇಕಿತ್ತು! ಕೂರಿಸುವ ಉಪಾಯವೇನೋ ಸುಲಭವೇ. ಹೆಡ್ಡನ್ನು ಬಿಸಿ ಮಾಡಿದರೆ ತೂತು ಹಿಗ್ಗುತ್ತದೆ, ಗೈಡನ್ನು ತಣ್ಣಗೆ ಮಾಡಿದರೆ ಅದು ಕುಗ್ಗುತ್ತದೆ. ಬಿಸಿ ಆರುವ ಮೊದಲು ಒಳಗೆ ಬಿಟ್ಟರೆ ಮುಗಿಯಿತು. ಇದನ್ನು ಆತ ಹಾಸಿಗೆಯಲ್ಲಿ ಮಲಗಿಯೂ ಥೆಲ್ಮಾಳಿಗೆ ಪಾಠ ಮಾಡುತ್ತಿದ್ದ. ಅವಳು ಆಕಳಿಸುತ್ತ “ಹೂಂ” ಎನ್ನುತ್ತಿದ್ದಳು.

ಆದರೆ ಅಷ್ಟು ದೊಡ್ಡ ಹೆಡ್ಡನ್ನು ಬಿಸಿ ಮಾಡುವುದೆಲ್ಲಿ? ಊರಿಗೆಲ್ಲ ಇರುವಂತೆ ಆ ಮನೆಗೂ ಇದ್ದುದು ಒಂದೇ ಗ್ಯಾಸ್ ಓವನ್ನು. ಅದು ಥೆಲ್ಮಾಳದು.

ಬೆಳಿಗ್ಗೆ ಥೆಲ್ಮಾ ದನದ ಮಾಂಸದ ತುಂಡನ್ನು ಓವನ್ನಿಗಿಟ್ಟು ಚರ್ಚಿಗೆ ಹೋದದ್ದೇ ತಡ, ಲಯನೆಲ್ ಗ್ಯಾರೇಜಿಗೆ ನುಗ್ಗಿದ. ಸೀಮೆಎಣ್ಣೆಯಲ್ಲಿ ತೊಳೆದಿಟ್ಟಿದ್ದ ಹೆಡ್ಡನ್ನು ತಂದು ಟ್ರೇನಲ್ಲಿಟ್ಟು, ಮೇಲೆ ಬೆಳ್ಳಿ ಬಣ್ಣದ ಫಾಯಿಲ್ ಹಾಳೆ ಮುಚ್ಚಿ, ಮಾಂಸದ ಕೆಳಗಿನ ಅಂತಸ್ತಿಗೆ ತಳ್ಳಿದ. ಗೈಡುಗಳನ್ನು ಫ್ರೀಜರಿನಲ್ಲಿ ಬಟಾಣಿ ಚೀಲದ ಪಕ್ಕ ಮಲಗಿಸಿದ. ಅವಳು ಬರುವಷ್ಟರಲ್ಲಿ ಎಲ್ಲ ಮುಗಿದು, ಹೆಡ್ಡು ಗ್ಯಾರೇಜಿನಲ್ಲಿ ಮಾವನ ದರ್ಶನಕ್ಕೆ ಸಿದ್ಧವಾಗಿರಬೇಕು! ಹೆಡ್ಡು ಕಾಯುವವರೆಗೆ ಪತ್ರಿಕೆ ಓದಿ, ಸೀಟಿ ಹೊಡೆಯುತ್ತ ಟೀ ಮಾಡಿಕೊಂಡ.

ಟೀ ತುಟಿಗೆ ತಾಗುವ ಮೊದಲೇ ಥೆಲ್ಮಾ ಒಳಗೆ ಬಂದಳು. ಪಾದ್ರಿಗೆ ನೆಗಡಿಯಂತೆ, ಪ್ರವಚನ ಅರ್ಧಕ್ಕೇ ಮುಗಿದಿತ್ತು.

“ಅಪ್ಪನೂ ಬಂದ್ಬಿಟ್ರು! ಟ್ರೈಲರು ಪಕ್ಕದ ಮನೆಯವರ ಬೇಲೀಗೆ ಸಿಕ್ಕಾಕ್ಕೊಂಡಿದೆ. ಹೋಗು, ಹೋಗು!”

“ಓವನ್ ಮುಟ್ಬೇಡ ಥೆಲ್ಮಾ, ನಾನು ಬಂದು...”

“ನನ್ನ ಓವನ್ ನಾನು ಮುಟ್ಬಾರ್ದಾ? ಹೋಗು ಮಾರಾಯ!”

ಟ್ರೈಲರನ್ನು ಬೇಲಿಯಿಂದ ಬಿಡಿಸುವುದರಲ್ಲಿ ಲಯನೆಲ್‌ಗೆ ಸಾಕುಸಾಕಾಯಿತು. ಮಾವ ಹಿಂದಕ್ಕೆ ಎಂದರೆ ಮುಂದಕ್ಕೆ ಬರುತ್ತಿದ್ದ, ಮುಂದಕ್ಕೆ ಎಂದರೆ ಕಿಟಕಿ ಇಳಿಸಿ “ಏನಂದೆ?” ಎನ್ನುತ್ತಿದ್ದ. ಕೊನೆಗೆ ಇಬ್ಬರೂ ಅಡುಗೆಮನೆಗೆ ಬಂದಾಗ ಮಾಂಸ ಹೊರಗೆ ಬಂದು ಹಲಗೆಯ ಮೇಲೆ ಆರುತ್ತಿತ್ತು. ಓವನ್ನಿನ ಬಾಗಿಲು ಮುಚ್ಚಿತ್ತು. ಥೆಲ್ಮಾ ಗ್ಯಾಸನ್ನು ಪೂರ್ತಿ ಏರಿಸಿದ್ದಳು.

“ಪುಡಿಂಗ್ ಈಗಷ್ಟೇ ಒಳಗಿಟ್ಟೆ,” ಎಂದಳು.

ಓವನ್ನಿನ ಹಿಡಿಗೆ ಚಾಚಿದ್ದ ಕೈಯನ್ನು ಲಯನೆಲ್ ಹಿಂದಕ್ಕೆಳೆದುಕೊಂಡ.

ಯಾರ್ಕ್‌ಷೈರ್ ಪುಡಿಂಗ್ ಎಂದರೆ ಸಿಹಿಯಲ್ಲ. ಮೊಟ್ಟೆ, ಹಾಲು, ಹಿಟ್ಟು ಕಲಸಿ ಹೊಗೆಯಾಡುವ ಕೊಬ್ಬಿನಲ್ಲಿ ಹುಯ್ದು ಓವನ್ನಿನಲ್ಲಿಟ್ಟರೆ ಪೂರಿಯ ಹಾಗೆ ಉಬ್ಬುತ್ತದೆ. ಉಬ್ಬಿ ಗಟ್ಟಿಯಾಗುವವರೆಗೆ ಬಾಗಿಲು ತೆರೆಯುವ ಹಾಗಿಲ್ಲ. ತಣ್ಣನೆ ಗಾಳಿ ಒಂದು ಎಳೆ ಸೋಕಿದರೂ ಉಸ್ಸೆಂದು ಕುಸಿದು ಚಪ್ಪಲಿಯ ಅಟ್ಟೆಯಾಗುತ್ತದೆ. ಆಕ್ರಾಯ್ಡ್ ಮನೆತನದಲ್ಲಿ ಇದು ವೇದವಾಕ್ಯ. ಥೆಲ್ಮಾ ಮದುವೆಯಾದಂದಿನಿಂದ ಅಪ್ಪ ಬಂದಾಗಲೆಲ್ಲ ಪುಡಿಂಗ್ ಮಾಡಿದ್ದಳು. ಆತ ಪ್ರತಿ ಸಲವೂ ತಿಂದು, ಬಾಯಿ ಒರೆಸಿಕೊಂಡು, “ನಿಮ್ಮಮ್ಮನದ್ದು ಇನ್ನೂ ಎತ್ತರ ಏಳ್ತಿತ್ತು” ಎನ್ನುತ್ತಿದ್ದ. ಅವಳು ನಕ್ಕು ತಟ್ಟೆ ಎತ್ತುತ್ತಿದ್ದಳು. ಆಮೇಲೆ ಪಾತ್ರೆ ತೊಳೆಯುವಾಗ ಅವಳ ಮುಖ ಹೇಗಿರುತ್ತಿತ್ತೆಂದು ಲಯನೆಲ್‌ಗೆ ಗೊತ್ತಿತ್ತು.

ಆಕ್ರಾಯ್ಡ್ ಕುರ್ಚಿಯೊಂದನ್ನು ಎಳೆದು ನೇರ ಓವನ್ನಿನ ಗಾಜಿನ ಮುಂದೆ ಕೂತ. ಲಯನೆಲ್ ಆತನ ಭುಜದ ಮೇಲಿಂದ ಬಗ್ಗಿ ನೋಡಿದ. ಮೇಲೆ ಪುಡಿಂಗುಗಳು. ಕೆಳಗಿನ ಅಂತಸ್ತಿನಲ್ಲಿ ಫಾಯಿಲ್ ಮುಚ್ಚಿದ ಟ್ರೇ, ಹಾಗೆಯೇ ಫಳಫಳ ಹೊಳೆಯುತ್ತಿತ್ತು!

ಆಗ ನೆನಪಾಯಿತು, ಸೀಮೆಎಣ್ಣೆ! ಹೆಡ್ಡನ್ನು ಹೊರಗಿನಿಂದ ಒರೆಸಿದ್ದ. ಒಳಗಿನ ಸಂದುಗೊಂದಿಗಳಲ್ಲಿ ಅದು ಇನ್ನೂ ನಿಂತಿರಬೇಕು. ಸಣ್ಣ ಉರಿಯಲ್ಲಿ ಹೇಗೋ ಸುಧಾರಿಸುತ್ತಿತ್ತು. ಈಗ ಗ್ಯಾಸು ಪೂರ್ತಿ ಉರಿಯುತ್ತಿದೆ. ಓವನ್ನಿನ ಮುಂದೆ ಮಾವ, ಪಕ್ಕದಲ್ಲಿ ಹೆಂಡತಿ, ಒಳಗೆ ಬಾಂಬು!

“ಮಾವ, ಬನ್ನಿ, ಕಾರು ನೋಡೋಣ.”

“ಮೊದಲು ಪುಡಿಂಗು. ಕಾರು ಎಲ್ಲಿಗೂ ಓಡಿಹೋಗಲ್ಲ. ಅದಕ್ಕೆ ಚಕ್ರ ಇದೆ ತಾನೇ?”

“ಇದೆ ಇದೆ. ಒಂದೊಂದು ಒಂದೊಂದು ಕಡೆ ಇದೆ.” ಲಯನೆಲ್ ಹೆಂಡತಿಯ ಕಡೆ ತಿರುಗಿದ. “ಥೆಲ್ಮಾ, ಉರಿ ಸ್ವಲ್ಪ ಜಾಸ್ತಿ ಆಯ್ತೇನೋ ಅಲ್ವಾ?”

“ಪುಡಿಂಗಿಗೆ ಇಷ್ಟು ಬೇಕು.”

“ಈಡಿತ್ ಇದ್ದಾಗ,” ಎಂದು ಆಕ್ರಾಯ್ಡ್ ಗಾಜಿನಿಂದ ಕಣ್ಣು ಕೀಳದೆ ಶುರುಮಾಡಿದ, “ಒಂದು ಭಾನುವಾರ ನಮ್ಮ ಚಿಮಣಿಗೇ ಬೆಂಕಿ ಬಿತ್ತು. ಬೆಂಕಿ ಆರಿಸೋರು ಬಂದ್ರು. ಪುಡಿಂಗ್ ಆಗೋವರೆಗೂ ಅಡುಗೆಮನೆ ಬಾಗಿಲ ಹತ್ರಾನೂ ಬರೋಕೆ ಬಿಡ್ಲಿಲ್ಲ ಅವಳು.”

ಲಯನೆಲ್ ಸೋತ ನಗೆ ನಕ್ಕ. ಮೆಲ್ಲಗೆ ಥೆಲ್ಮಾಳ ಪಕ್ಕಕ್ಕೆ ಸರಿದು ಕಿವಿಯಲ್ಲಿ ಉಸುರಿದ: “ಕೆಳಗಿನ ಟ್ರೇ...”

“ಗೊತ್ತು. ಸುಮ್ನಿರು,” ಎಂದಳು ಅವಳು ಗ್ರೇವಿ ತಿರುವುತ್ತ, ತುಟಿ ಅಲ್ಲಾಡಿಸದೆ.

“ನಿನಗೆ ಗೊತ್ತಿಲ್ಲ!”

“ನಂಗೆಲ್ಲಾ ಗೊತ್ತು. ಅಪ್ಪ ಇದಾರೆ, ಬಾಯ್ಮುಚ್ಕೊಂಡು ಕೂತ್ಕೋ.”

ಅವಳಿಗೆ ಏನು ಗೊತ್ತಿದ್ದೀತು! ಹೇಳಿಬಿಟ್ಟರೆ ಕೊಟ್ಟ ಮಾತು ಮುರಿದದ್ದು ಬಯಲಾಗುತ್ತದೆ, ಅದೂ ಮಾವನ ಎದುರಿಗೇ. ಹೇಳದಿದ್ದರೆ ಮನೆಯೇ ಹಾರುತ್ತದೆ. ಗ್ಯಾಸ್ ಆರಿಸೋಣವೆಂದರೆ ಪುಡಿಂಗ್ ಹೇಗೂ ಹೋಗುತ್ತದೆ.

“ಥೆಲ್ಮಾ,” ಎಂದು ಆಕ್ರಾಯ್ಡ್ ಕುರ್ಚಿಯಿಂದ ಅರ್ಧ ಎದ್ದ. ಆತನ ಧ್ವನಿಯೇ ಬದಲಾಗಿತ್ತು. “ಇಲ್ಲಿ ಬಾ. ನೋಡು, ಏಳ್ತಿದಾವೆ!”

ಏಳುತ್ತಿದ್ದವು. ಟ್ರೇನ ಅಂಚು ದಾಟಿ, ಮೇಲಿನ ಕಂಬಿಯ ಹತ್ತಿರ ಹೋಗಿ, ಹೊಂಬಣ್ಣಕ್ಕೆ ತಿರುಗುತ್ತಿದ್ದವು. ಥೆಲ್ಮಾ ಸೌಟು ಹಿಡಿದು ನಿಂತಲ್ಲೇ ನಿಂತಳು. ಕೆನ್ನೆಗೆ ಹಿಟ್ಟು ಮೆತ್ತಿತ್ತು. ಅವಳು ಅಷ್ಟು ಸಂತೋಷಪಟ್ಟದ್ದನ್ನು ಲಯನೆಲ್ ನೋಡಿ ಬಹಳ ದಿನಗಳಾಗಿದ್ದವು.

“ಅಮ್ಮನದ್ದರಷ್ಟು ಇದೆಯಾ ಅಪ್ಪಾ?”

ಆಕ್ರಾಯ್ಡ್ ಬಾಯಿ ತೆರೆದ.

ಅದೇ ಹೊತ್ತಿಗೆ ಓವನ್ನಿನ ಬಾಗಿಲ ಸಂದಿನಿಂದ ನೀಲಿ ಹೊಗೆಯ ಒಂದು ಎಳೆ ಮೇಲೆದ್ದಿತು.

ಲಯನೆಲ್ ಯೋಚಿಸಲಿಲ್ಲ. “ಎಲ್ಲಾರೂ ಹೊರಗೆ ಓಡಿ!” ಎಂದು ಅರಚಿ, ಮಾವನನ್ನು ಕುರ್ಚಿ ಸಮೇತ ಪಕ್ಕಕ್ಕೆ ನೂಕಿ, ಬಾಗಿಲನ್ನು ದಡಾರನೆ ತೆರೆದ! ಪುಡಿಂಗುಗಳು ಉಸ್ಸೆಂದವು. ಅತ್ತ ನೋಡುವ ಧೈರ್ಯವಿಲ್ಲದೆ, ಬಟ್ಟೆ ಹಿಡಿದು ಕೆಳಗಿನ ಟ್ರೇಯನ್ನು ಎಳೆದುಕೊಂಡು ಹಿತ್ತಿಲಿಗೆ ಓಡಿದ. ಹುಲ್ಲಿನ ಮೇಲೆ ಎಸೆದ. ಗ್ಯಾರೇಜಿನ ಬಾಗಿಲಲ್ಲಿದ್ದ ಮರಳಿನ ಬಕೆಟ್ಟನ್ನು ತಂದು ಅದರ ಮೇಲೆ ಬೋರಲು ಹಾಕಿದ. ನೆಲಕ್ಕೆ ಮಲಗಿ ತಲೆಯ ಮೇಲೆ ಕೈ ಹೊತ್ತುಕೊಂಡ.

ಏನೂ ಸಿಡಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂಗಿಗೆ ಚೀಸಿನ ವಾಸನೆ ಬಂತು.

ಲಯನೆಲ್ ತೆವಳಿಕೊಂಡು ಹೋಗಿ ಫಾಯಿಲ್ ಸರಿಸಿದ. ಮರಳಿನ ನಡುವೆ ಹೂಕೋಸು! ಚೀಸು ಹಾಕಿ ಬೇಯಿಸಿದ, ಮಾವನಿಗೆ ಬಹಳ ಪ್ರೀತಿಯ ಹೂಕೋಸು.

“ಹಾಗಾದ್ರೆ... ಹೆಡ್ಡು?” ಎಂದ, ಮಲಗಿದಲ್ಲಿಂದಲೇ.

ಥೆಲ್ಮಾ ಹಿತ್ತಿಲ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಮಾಂಸ ತೆಗೆಯುವಾಗ್ಲೇ ಸೀಮೆಎಣ್ಣೆ ನಾತ ಮೂಗಿಗೆ ಹೊಡೀತು. ಓವನ್ ಒಳಗಿದ್ದ ಹೆಡ್ಡನ್ನ ಆಗ್ಲೇ ಆಚೆ ಇಟ್ಟೆ. ಅಪ್ಪನ ಮುಂದೆ ನಿನ್ನ ಮಾನ ಹೋಗೋದು ಬೇಡ ಅಂತ ತುಟಿ ಹೊಲ್ಕೊಂಡಿದ್ದೆ. ಓವನ್ ಮುಂದೆ ನಿಂತಿದ್ದ ಹೆಡ್ಡನ್ನ ಆಚೆ ಕಳಿಸೋದು ಮರೆತೆ ನೋಡು!”

“ಮತ್ತೆ ಆ ಹೊಗೆ?”

“ಕೊಬ್ಬು ಕಾದ್ರೆ ಹೊಗೆ ಬರ್ದೆ ಮಲ್ಲಿಗೆ ವಾಸನೆ ಬರುತ್ತಾ?”

ಆಕ್ರಾಯ್ಡ್ ಅವರಿಬ್ಬರ ಮಾತಿಗೆ ಕಿವಿಗೊಡದೆ ಮೆಟ್ಟಿಲ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ಅಲ್ಲಿ ಹಳೆಯ ಗೋಣಿಯ ಮೇಲೆ ಹೆಡ್ಡು ಆರುತ್ತಿತ್ತು. ಅದರ ತೂತುಗಳಲ್ಲಿ ಕಂಚಿನ ಗೈಡುಗಳು ಸಾಲಾಗಿ, ಒಂದಿಷ್ಟೂ ವಾಲದೆ ಕೂತಿದ್ದವು.

“ಇದನ್ನ ಕೂರಿಸಿದ್ದು ಯಾರು?”

ಲಯನೆಲ್ ಕಣ್ಣು ಬಿಟ್ಟುಕೊಂಡು ನೋಡಿದ. ಥೆಲ್ಮಾ ಗಂಡನ ಮುಖ ನೋಡಿದಳು, ಆಮೇಲೆ ಗೇಟಿನ ಆಚೆ ನಿಂತಿದ್ದ ಟ್ರೈಲರನ್ನು ನೋಡಿದಳು.

“ಲಯನೆಲ್ಲೇ ಅಪ್ಪಾ. ಬೆಳಿಗ್ಗೆ ಕೂರಿಸಿದ್ರು.”

ಹೂಂ ಎಂದರೆ ಸಾಕಿತ್ತು! ಕಾರು ಉಳಿಯುತ್ತಿತ್ತು, ಮಾನವೂ ಅರ್ಧ ವಾಪಸು ಬರುತ್ತಿತ್ತು. ಲಯನೆಲ್ ಬಾಯಿ ತೆರೆದೂ ಬಿಟ್ಟ. ಆದರೆ ಅವಳ ಕೆನ್ನೆಯ ಹಿಟ್ಟು ಕಣ್ಣಿಗೆ ಬಿತ್ತು. ಒಳಗೆ ಕುಸಿದು ಕೂತಿದ್ದ ಪುಡಿಂಗುಗಳು ನೆನಪಾದವು.

“ಇಲ್ಲ ಮಾವ. ನಾನಲ್ಲ. ನಾನು ಕೂರಿಸಿದ್ದು ಈ ಮನೇಲಿ ಒಂದೂ ಇಲ್ಲ.”

“ಅವರು ಹೇಳಿಕೊಟ್ಟ ಹಾಗೇ ಮಾಡಿದ್ದಪ್ಪಾ,” ಎಂದಳು ಥೆಲ್ಮಾ ಗಡಿಬಿಡಿಯಿಂದ. “ಹೆಡ್ಡು ಬಿಸಿ ಇತ್ತು. ಬಟಾಣಿ ತೆಗೆಯೋಕೆ ಹೋದ್ರೆ ಇವು ಸಿಕ್ಕಿದ್ವು. ಬಿಟ್ಟೆ. ಚಕ್ ಅಂತ ಕೂತ್ವು.”

ಆಕ್ರಾಯ್ಡ್ ಎದ್ದು ಒಳಗೆ ಹೋಗಿ ಮೇಜಿನ ಮುಂದೆ ಕೂತ. ಮೂವರೂ ಹೂಕೋಸಿಲ್ಲದ ಊಟ ಉಂಡರು. ಆತ ಚಪ್ಪಟೆ ಪುಡಿಂಗನ್ನು ಗ್ರೇವಿಯಲ್ಲಿ ಅದ್ದಿ ತಿಂದ. ಇನ್ನೊಂದು ಹಾಕಿಸಿಕೊಂಡ. ಥೆಲ್ಮಾ ತಟ್ಟೆ ನೋಡುತ್ತ ಆ ಮಾತಿಗೆ ಕಾದಳು.

“ನಿಮ್ಮಮ್ಮನದ್ದು ಎತ್ತರ ಏಳ್ತಿತ್ತು,” ಎಂದ ಆಕ್ರಾಯ್ಡ್ ಬಾಯಿ ಒರೆಸಿಕೊಂಡು. ಆಮೇಲೆ ಈಡಿತ್ ಎಲ್ಲಿ ಕೇಳಿಸಿಕೊಂಡಾಳೋ ಎಂಬಂತೆ ಮೇಲಕ್ಕೆ ನೋಡಿ ಧ್ವನಿ ತಗ್ಗಿಸಿದ. “ಕಚ್ಚಿದ್ರೆ ಒಳಗೆ ಬರೀ ಗಾಳಿ. ಇದರಲ್ಲಿ ತಿನ್ನೋಕೆ ಏನಾದ್ರೂ ಸಿಗುತ್ತೆ.”

ಥೆಲ್ಮಾ ಗ್ರೇವಿ ತರುವ ನೆಪದಲ್ಲಿ ಎದ್ದು ಹೋದವಳು ಬಹಳ ಹೊತ್ತು ಬರಲಿಲ್ಲ.

ಸಂಜೆ ಆಕ್ರಾಯ್ಡ್ ಖಾಲಿ ಟ್ರೈಲರ್ ಕಟ್ಟಿಕೊಂಡು ಹೊರಟ. ಗಂಡಹೆಂಡತಿ ಗೇಟಿನ ತನಕ ಬಂದರು. ಆತ ಕಿಟಕಿ ಇಳಿಸಿದ. ಲಯನೆಲ್ ಆಸೆಯಿಂದ ಮುಂದೆ ಬಗ್ಗಿದ.

“ಕಾರು ಇಲ್ಲೇ ಇರ್ಲಿ,” ಎಂದ ಆಕ್ರಾಯ್ಡ್. “ಒಳ್ಳೇ ಕೈಯಲ್ಲಿದೆ. ನಂಗಿನ್ನು ಚಿಂತೆ ಇಲ್ಲ.”

“ಮಾವ! ನನ್ನ ಮೇಲೆ ಇಷ್ಟು ನಂಬಿಕೆ ಇಟ್ಟಿದ್ದಕ್ಕೆ...”

“ನೀನು ಸ್ವಲ್ಪ ಪಕ್ಕಕ್ಕೆ ಸರಿಯಪ್ಪ. ನಾನು ಮಗಳ ಹತ್ರ ಮಾತಾಡ್ತಿದೀನಿ, ನೀನು ಅಡ್ಡ ನಿಂತು ಅವಳು ಕಾಣಿಸ್ತಾನೇ ಇಲ್ಲ.”

ಲಯನೆಲ್ ಸರಿದ.