ಚನ್ನಬಸವನ ಗಾಡಿ ಸುಮ್ಮನಾದದ್ದು

ಕೊಟ್ಟಿಗೆಹಾರದ ಚನ್ನಬಸವನ ಹೆಂಡತಿ ತನುಜಾ ತವರಿಗೆ ಹೋಗಿ ಕೂತದ್ದು ಗಂಡ ಕುಡಿದ ಅಂತಲ್ಲ, ಹೊಡೆದ ಅಂತಲ್ಲ, ಗಂಡನ ಪಿಕಪ್ಪು ಗಡಗಡ ಅನ್ನುತ್ತದೆ ಅಂತ. ಎಸ್ಟೇಟುಗಳಿಗೆ ಗೊಬ್ಬರ, ಅಕ್ಕಿ ಸಾಗಿಸುವ ಆ ಗಾಡಿ ಅಂಗೈ ಅಗಲದ ಗುಂಡಿಗೆ ಇಳಿದರೂ ಪಾತ್ರೆ ಅಂಗಡಿ ಮಗುಚಿದ ಹಾಗೆ ಸದ್ದು ಮಾಡುತ್ತಿತ್ತು. ಆರು ವರ್ಷ ಸಹಿಸಿದ ತನುಜಾ ಹೋದ ತಿಂಗಳು ಅದರಲ್ಲೇ ಕೂತು ತಂಗಿಯ ಸೀಮಂತಕ್ಕೆಂದು ಅತ್ತಿಗುಂಡಿಯ ತವರಿಗೆ ಹೋಗಿ ಇಳಿದಳು. ಇಳಿದ ಮೇಲೆ ಯಾರು ಏನು ಕೇಳಿದರೂ ಅರ್ಧ ಗಂಟೆ ಕಿರುಚಿಯೇ ಉತ್ತರ ಕೊಟ್ಟಳು. ನೆಂಟರೆಲ್ಲ ನಕ್ಕರು. "ಆ ಸದ್ದು ನಿಂತ ದಿನ ಬನ್ನಿ, ನಿಮ್ಮ ಜೊತೆ ಬರ್ತೀನಿ" ಎಂದು ಗಂಡನನ್ನು ಒಬ್ಬನೇ ವಾಪಸು ಕಳಿಸಿದಳು.

ತಾನೇ ಬೇಯಿಸಿದ ಅನ್ನವನ್ನು ಹದಿನೆಂಟು ದಿನ ತಿಂದ ಚನ್ನಬಸವ ಹತ್ತೊಂಬತ್ತನೆಯ ದಿನ ಬೆಳಿಗ್ಗೆ, ಇವತ್ತು ಒಂದೋ ಸದ್ದು ಹೋಗಬೇಕು, ಇಲ್ಲ ಪ್ರಾಣ ಹೋಗಬೇಕು ಎಂದುಕೊಂಡು ಗಾಡಿಯನ್ನು ತಂಗಮ್ಮನ ಹೋಟೆಲಿನ ಮುಂದೆ ತಂದು ನಿಲ್ಲಿಸಿದ. ಭೂತಯ್ಯ ಸಿಗುತ್ತಿದ್ದದ್ದು ಅಲ್ಲಿಯೇ. ಒಂದು ಕಾಲದಲ್ಲಿ ಎರಡು ವರ್ಷ ಲಾರಿ ಕ್ಲೀನರಾಗಿದ್ದ ಭೂತಯ್ಯ, ಆಮೇಲಿನ ಇಪ್ಪತ್ತು ವರ್ಷ ಆ ಅನುಭವದ ಮೇಲೆಯೇ ಊರಿಗೆಲ್ಲ ಸಲಹೆ ಕೊಡುತ್ತಾ ಬದುಕಿದ್ದ.

"ಸದ್ದು ಎಲ್ಲಿಂದ ಬರ್ತದೆ ಅಂತ ಮೊದ್ಲು ಗೊತ್ತಾಗ್ಬೇಕು ಮಾರಾಯ. ನಾನು ಹಿಂದೆ ಕಿವಿ ಕೊಟ್ಟು ಮಲಗ್ತೀನಿ, ನೀನು ಗುಂಡಿ ನೋಡಿ ನೋಡಿ ಓಡ್ಸು" ಎಂದ ಭೂತಯ್ಯ.

ಆರು ವರ್ಷ ತಪ್ಪಿಸಿಕೊಂಡು ಓಡಾಡಿದ್ದ ಗುಂಡಿಗಳನ್ನೆಲ್ಲ ಚನ್ನಬಸವ ಅವತ್ತು ಹುಡುಕಿ ಹುಡುಕಿ ಗಾಡಿ ಇಳಿಸಿದ. ಘಾಟಿಯ ಕಡೆ ಎರಡು ಮೈಲಿ ಹೋಗಿ ಬರುವಷ್ಟರಲ್ಲಿ ಭೂತಯ್ಯನ ಕಿವಿ ಊದಿತ್ತು. "ನಾಲ್ಕೂ ಕಡೆಯಿಂದ ಬರ್ತದೆ" ಎಂದು ವರದಿ ಕೊಟ್ಟ.

ಆಮೇಲೆ ಗಾಡಿಯ ಕೆಳಗೆ ನುಗ್ಗಿ, ಅಲ್ಲಾಡುವ ಕಡೆಗೆಲ್ಲ ಗೋಣಿಚೀಲ ಹರಿದು ಕಟ್ಟಿದ. ಗಾಡಿ ಆಗಷ್ಟೇ ಆಸ್ಪತ್ರೆಯಿಂದ ಬಿಡುಗಡೆಯಾದಂತೆ ಕಾಣಿಸಿತು. ಸದ್ದು ಹಾಗೇ ಇತ್ತು. ಅಷ್ಟು ಹೊತ್ತಿಗೆ ಮಂಗಳೂರಿನ ಬಸ್ಸು ಬಂದು ನಿಂತಿತ್ತು. ಪ್ರಯಾಣಿಕರು ನೀರುದೋಸೆಯ ತಟ್ಟೆ ಹಿಡಿದು ಬಂದು ಗಾಡಿಯ ಸುತ್ತ ನೆರೆದರು. ಒಬ್ಬರು ಗೇರ್ ಬಾಕ್ಸು ಎಂದರು, ಇನ್ನೊಬ್ಬರು ದೃಷ್ಟಿ ಎಂದರು.

"ಭಾರ ಬಿದ್ರೆ ಸಡಿಲ ಇರೋದು ಬಿಗಿಯಾಗ್ತದೆ. ಯಾವ ಮೂಲೆಗೆ ಭಾರ ಹಾಕಿದ್ರೆ ಸದ್ದು ನಿಲ್ತದೋ ಅಲ್ಲೇ ರೋಗ" ಎಂದ ಭೂತಯ್ಯ, ಪ್ರಯಾಣಿಕರನ್ನು ಮೂಲೆಮೂಲೆಗೆ ಕೂರಿಸಿ ಚನ್ನಬಸವನಿಗೆ ಗಾಡಿ ಓಡಿಸಲು ಹೇಳಿದ. ಯಾರ ಭಾರವೂ ಸಾಲಲಿಲ್ಲ. ಗಿರಾಕಿಗಳು ತಟ್ಟೆ ಸಮೇತ ಎಲ್ಲಿ ಹೋದರು ಎಂದು ಬೈಯಲು ಬಂದ ತಂಗಮ್ಮನನ್ನೂ ಹತ್ತಿಸಿದರು. ತಂಗಮ್ಮ ಸಾಮಾನ್ಯ ಗಾತ್ರದ ಹೆಂಗಸಲ್ಲ. ಅವಳು ಹಿಂದಿನ ಎಡ ಮೂಲೆಯಲ್ಲಿ ಕೂತು ಗಾಡಿ ಹೊರಟದ್ದೇ ತಡ, ಸದ್ದು ಗಪ್ಪೆಂದು ನಿಂತಿತು. ಚನ್ನಬಸವನಿಗೆ ಕಣ್ಣಲ್ಲಿ ನೀರು ಬಂತು.

"ತಂಗಮ್ಮಕ್ಕ, ಹೀಗೇ ಅತ್ತಿಗುಂಡಿ ತನಕ ಬಂದ್ಬಿಡಿ."

"ನಾನು ಬಂದ್ರೆ ದೋಸೆ ನಿಮ್ಮಪ್ಪ ಹುಯ್ತಾನಾ? ಅಲ್ದೆ ನನ್ನ ಕೂರ್ಸ್ಕೊಂಡು ಹೋದ್ರೆ ನಿನ್ನ ಹೆಂಡ್ತಿ ಗಾಡಿ ಹತ್ತುತಾಳಾ?"

ಅದೂ ಸರಿಯೇ. ಭೂತಯ್ಯ ಎಡಗಡೆ ಜಾಕ್ ಕೊಟ್ಟು ನೋಡಿದ. ಚಕ್ರದ ಮೇಲಿನ ಸ್ಪ್ರಿಂಗ್ ಪ್ಲೇಟುಗಳನ್ನು ಹಿಡಿದಿಡುವ ಪಿನ್ನಿನ ಸುತ್ತ ಬಳೆಯ ಹಾಗಿರುವ ರಬ್ಬರ್ ಬುಷ್ ಪೂರಾ ಸವೆದುಹೋಗಿ, ಪಿನ್ನು ತೂತಿನೊಳಗೆ ಕುಣಿಯುತ್ತಿತ್ತು. ಹೊಸದು ಮೂಡಿಗೆರೆಯಲ್ಲಿ ಮಾತ್ರ ಸಿಗುತ್ತಿತ್ತು, ಅವತ್ತು ಅಲ್ಲಿ ಅಂಗಡಿಗೆ ರಜೆ. ಭೂತಯ್ಯನ ಕಣ್ಣು ತಂಗಮ್ಮ ಕಳಚಿಟ್ಟಿದ್ದ ಹೊಸ ಹವಾಯಿ ಚಪ್ಪಲಿಯ ಮೇಲೆ ಬಿತ್ತು. ಅವಳು ಗಾಡಿಯಿಂದ ಇಳಿಯುವುದರೊಳಗೆ ಒಂದು ಚಪ್ಪಲಿ ಗುಂಡುಗುಂಡಾಗಿ ಕತ್ತರಿಸಿಕೊಂಡು ಪಿನ್ನಿನ ಸುತ್ತ ಸೇರಿತ್ತು. ಉಳಿದ ಚಪ್ಪಲಿಯನ್ನು ತಂಗಮ್ಮ ಭೂತಯ್ಯನ ಮೇಲೆ ಉಪಯೋಗಿಸಿದಳು.

ಆದರೆ ಗಾಡಿ ಸುಮ್ಮನಾಗಿತ್ತು. ಮಧ್ಯಾಹ್ನ ಮೂರೂವರೆಗೆ ಅತ್ತಿಗುಂಡಿಯ ಅಂಗಳಕ್ಕೆ ಅದು ಬೆಕ್ಕಿನ ಹಾಗೆ ಬಂದು ನಿಂತಾಗ ತನುಜಾ ನಂಬಲಿಲ್ಲ. ಅಂಗಳದ ಕಲ್ಲುಗಳ ಮೇಲೆ ಮೂರು ಸುತ್ತು ಹೊಡೆಸಿದಳು. ಆಮೇಲೆ ನಕ್ಕಳು. ಆ ನಗು ನೋಡಿ ಚನ್ನಬಸವನ ಹದಿನೆಂಟು ದಿನದ ಹಸಿವೆಲ್ಲ ಇಳಿದುಹೋಯಿತು.

"ಸದ್ದಿಲ್ಲ ಅಂದ್ರೆ ನಾನೂ ಬಂದು ಎರಡು ದಿನ ಇದ್ದು ಬರ್ತೀನಪ್ಪ" ಎಂದು ಮಾವ ಗಂಗಾಧರಪ್ಪನವರೂ ಹತ್ತಿ ನಡುವೆ ಕೂತರು. ಅವರು ಎಸ್ಟೇಟಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ರೈಟರಾಗಿದ್ದವರು. ಕಣದಲ್ಲಿ ಒಣಹಾಕಿದ ಕಾಫಿಯನ್ನು ಅಕಾಲದ ಮಳೆಯಿಂದ ತಾವೊಬ್ಬರೇ ಉಳಿಸಿದ ಕಥೆಯನ್ನು ಇಳಿಜಾರಿನ ಮೊದಲ ತಿರುವಿನಲ್ಲೇ ಶುರುಮಾಡಿದರು. ಚನ್ನಬಸವ ಮುಖ ತುಂಬ ನಗುತ್ತಾ, ತಲೆ ಅಲ್ಲಾಡಿಸುತ್ತಾ ಹೇಳಿದ:

"ಶುರುವಾಯ್ತು ಮುದುಕಂದು. ಆ ಕಾಫಿ ಮಳೇಲಿ ಕೊಚ್ಕೊಂಡು ಹೋಗಿದ್ರೆ ನಾನಾದ್ರೂ ಬದುಕ್ಕೊಳ್ತಿದ್ದೆ."

ಆರು ವರ್ಷದಿಂದ ಈ ಗಾಡಿಯಲ್ಲಿ ಯಾರು ಏನು ಹೇಳಿದರೂ ಅವನು ಹೀಗೇ ಉತ್ತರ ಕೊಟ್ಟು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದ. ಗಡಗಡದಲ್ಲಿ ತುಟಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳಿಸುತ್ತಿರಲಿಲ್ಲ. ಎದುರು ಮಾತಾಡದ ಸಾಧು ಅಳಿಯ ಎಂಬ ಹೆಸರು ಬಂದದ್ದೂ ಹಾಗೆಯೇ. ಇವತ್ತು ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು.

ಗಂಗಾಧರಪ್ಪನವರು ಕಥೆ ಬಿಟ್ಟು ಅಳಿಯನ ಕಡೆ ತಿರುಗಿದರು. "ಅಲ್ಲಪ್ಪಾ, ಇಷ್ಟು ವರ್ಷ ನೀನು 'ಹೌದು ಮಾವ, ಹೌದು ಮಾವ' ಅಂತಿದ್ದೀಯ ಅಂದ್ಕೊಂಡಿದ್ದೆನಲ್ಲ" ಎಂದರು.

"ನಿಲ್ಸಿ ಗಾಡಿ" ಎಂದಳು ತನುಜಾ.

ಬೆಟ್ಟದ ಬುಡದ ಊರಾದ ಕೈಮರದಲ್ಲಿ ಅಪ್ಪ ಮಗಳು ಇಳಿದರು. ತನುಜಾ ಕಿಟಕಿಯ ಹತ್ತಿರ ಬಂದಳು. "ಅಪ್ಪಂಗೆ ಹೇಳ್ತಿದ್ದದ್ದು ಗೊತ್ತಾಯ್ತು. ಆರು ವರ್ಷ ನಂಗೆ ಏನೇನು ಹೇಳಿದೀರಿ?"

"ನಿಂಗೇನೂ ಹೇಳಿಲ್ಲ ಕಣೆ" ಎಂದ ಚನ್ನಬಸವ.

"ಒಂದು ನೋಟ್‌ಬುಕ್ ತಗೊಂಡು ಎಲ್ಲಾ ಬರ್ಕೊಂಡು ಬನ್ನಿ. ಒಂದೂ ಬಿಡ್ಬೇಡಿ. ಬರೋದೋ ಬಿಡೋದೋ ಓದಿ ನೋಡಿ ಹೇಳ್ತೀನಿ" ಎಂದು ಅವಳು ತಿರುಗಿ, ಮೇಲೆ ಹೋಗುವ ಬಸ್ಸು ನಿಲ್ಲುವ ಕಡೆಗೆ ಹೊರಟಳು.

ಚನ್ನಬಸವ ಮುಖ ತುಂಬ ನಗುತ್ತಾ, ತಲೆ ಅಲ್ಲಾಡಿಸುತ್ತಾ ತುಟಿ ಆಡಿಸಿದ.

"ಅದೂ ಕೇಳಿಸ್ತು" ಎಂದಳು ತನುಜಾ, ತಿರುಗಿ ನೋಡದೆಯೇ. "ಅದನ್ನೂ ಬರ್ಕೊಳ್ಳಿ."