ಮಾವನ ಮೂಗು ಮತ್ತು ಕೆಂಪು ಫಿಲ್ಟರ್

ನಮ್ಮ ಸೋದರಮಾವ ಕಾರನ್ನು ಕೈಕಾಲಿನಿಂದ ಓಡಿಸುವುದಿಲ್ಲ, ಮೂಗಿನಿಂದ ಓಡಿಸುತ್ತಾರೆ! ನಗಬೇಡಿ. ಆ ಮೂಗನ್ನು ನಂಬಿ ಮುಳಬಾಗಿಲಿನಿಂದ ಹೊರಟವನು ನಾನು. ಬದುಕಿದ್ದೇನೋ ಇಲ್ಲವೋ ಎಂದು ಈಗಲೂ ಆಗಾಗ ಚಿವುಟಿ ನೋಡಿಕೊಳ್ಳುತ್ತೇನೆ.

ನಮ್ಮ ಅತ್ತೆಗೆ ಉಬ್ಬಸ. ಟೊಮೆಟೊ ಮಂಡಿಯ ಕಡೆಯಿಂದ ಧೂಳೆದ್ದರೆ ಸಾಕು, ಎದೆಯೊಳಗೆ ಪುಂಗಿ ಶುರು. ಆಗ ಮಾವ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಕೋಲಾರದ ಆಸ್ಪತ್ರೆಗೆ ಹಾರಬೇಕು. ಒಮ್ಮೆ ಹಾಗೆ ಹಾರುವಾಗ ದಿಬ್ಬದಲ್ಲಿ ಕಾರೂ ಏದುಸಿರು ಬಿಟ್ಟಿತಂತೆ. ಅಂದಿನಿಂದ ಮಾವನ ತಲೆಯಲ್ಲಿ ಒಂದೇ ಹುಳು: ಗಾಡಿಯ ಉಸಿರು ಸಲೀಸಾಗಬೇಕು! ಅಂದರೆ ಇಂಜಿನ್ನಿಗೆ ಗಾಳಿ ಸೋಸಿ ಕೊಡುವ ಏರ್ ಫಿಲ್ಟರ್ ಸರಿಯಾಗಬೇಕು. ಗಾಡಿಯ ಜೊತೆ ಬಂದ ಕಾಗದದ ಫಿಲ್ಟರ್ ಇರಲೋ, ಅಂಗಡಿಯಲ್ಲಿ ಬೇರೆಯಾಗಿ ಸಿಗುವ ಕೆಂಪು ಬಟ್ಟೆಯದು ಬರಲೋ?

ಡಿಗ್ರಿ ಓದಿದ ನಾನು, "ಮೊಬೈಲಲ್ಲಿ ನೋಡಿ ಹೇಳ್ತೀನಿ ಮಾವ" ಎಂದೆ.

"ಅದೆಲ್ಲ ಯಾಕ್ಲಾ? ದೇವರು ಮೂಗು ಕೊಟ್ಟಿಲ್ವಾ?"

ಗ್ಯಾರೇಜಿನ ಮುಂದೆ ನಿಂತು ಕಾಗದದ ಫಿಲ್ಟರನ್ನು ಮುಖಕ್ಕೆ ಒತ್ತಿಕೊಂಡು ಸೊಯ್ಯೆಂದು ಉಸಿರೆಳೆದರು. ಆಮೇಲೆ ಕೆಂಪದ್ದು. ಮತ್ತೆ ಕಾಗದದ್ದು. ಜನ ಸೇರಿದರು. ಯಾರೋ ನೀರು ತಂದರು!

ಮೆಕ್ಯಾನಿಕ್ ಭಾಯ್ ಗಾಬರಿಯಾದ. "ಸಾರ್, ಗಾಡಿ ಮೂಗು ಬೇರೆ, ನಿಮ್ಮ ಮೂಗು ಬೇರೆ. ನಮ್ ಕಡೆ ಬರೀ ಧೂಳು. ಕಂಪನಿದೇ ಇರ್ಲಿ ಬಿಡಿ."

"ಏನ್ ಭಾಯ್, ನೀನು ಇದರಲ್ಲಿ ಉಸಿರಾಡಿ ನೋಡಿದೀಯಾ?"

"ಇಲ್ಲ ಸಾರ್."

"ಮತ್ತೆ? ಅನುಭವ ಇಲ್ದೆ ಮಾತಾಡಬಾರ್ದು!"

ಕೆಂಪದ್ದು ಗೆದ್ದಿತು. ಮಾವನ ಮೂಗಿನ ತುದಿಯೂ ಕೆಂಪಾಗಿತ್ತು.

ಹೊಸ ಗಾಡಿ ಕೊಂಡವರು ಕುರುಡುಮಲೆ ಗಣಪನ ಮುಂದೆ ನಿಲ್ಲಿಸಿ ಪೂಜೆ ಮಾಡಿಸುವುದುಂಟು. ಮಾವ ಬರೀ ಫಿಲ್ಟರನ್ನು ತಟ್ಟೆಯಲ್ಲಿಟ್ಟುಕೊಂಡು ಹೋದರು! ಅರ್ಚಕರು ಆಚೆ ಈಚೆ ನೋಡಿ, "ಗಾಡಿ ಎಲ್ಲಿ?" ಎಂದರು.

"ಗಾಡಿಗೆ ಆವಾಗ್ಲೇ ಆಗಿದೆ ಸ್ವಾಮಿ. ಇದು ಅದರ ಶ್ವಾಸಕೋಶ."

ಮೂಗಿನ ವಿಷಯದಲ್ಲಿ ತನಗಿಂತ ದೊಡ್ಡವನೊಬ್ಬ ಬಂದನಲ್ಲ ಎಂದು ಆ ಭಾರೀ ಗಣಪನಿಗೂ ಅನ್ನಿಸಿರಬೇಕು.

ಕೆಂಪು ಫಿಲ್ಟರಿನ ಹೆಚ್ಚುಗಾರಿಕೆ ಏನೆಂದರೆ, ಕೊಳೆಯಾದಾಗ ಬಿಸಾಡಬೇಕಿಲ್ಲ. ತೊಳೆದು ಒಣಗಿಸಿ, ಜೊತೆಗೆ ಬಂದ ಎಣ್ಣೆಯನ್ನು ಹದವಾಗಿ ಹನಿಸಿ ಮತ್ತೆ ಕೂರಿಸಬಹುದು. ಮಾವ ಆ ಪುಟ್ಟ ಸೀಸೆಯನ್ನು ಎತ್ತಿ ನೋಡಿ, "ಇದು ಯಾರ ನೆತ್ತಿಗೆ ಸಾಲುತ್ತೆ?" ಎಂದು ಬದಿಗಿಟ್ಟರು. ಶನಿವಾರ ಮೈಗೆಲ್ಲ ಹರಳೆಣ್ಣೆ ಬಳಿದುಕೊಂಡು ಬಿಸಿಲಿಗೆ ಕೂತರು. ಪಕ್ಕದ ಮಣೆಯ ಮೇಲೆ ಫಿಲ್ಟರ್! ಅದಕ್ಕೂ ಅದೇ ಬಟ್ಟಲಿನಿಂದ ಅಭ್ಯಂಜನ!

ಅತ್ತೆ ಆಂಧ್ರದ ಗಡಿಯ ರಾಯಲ್ಪಾಡಿನವರು, ಕೋಪ ಬಂದರೆ ತೆಲುಗು. "ಅಯ್ಯೋ, ಈ ಮನಿಷಿಕಿ ಪಿಚ್ಚಿ ಪಟ್ಟಿಂದಿ!" ಎಂದು ಹಣೆ ಚಚ್ಚಿಕೊಂಡರು.

"ಹುಚ್ಚಲ್ಲ ಕಣೇ, ತಂಪು!"

ಮರುವಾರ ಅತ್ತೆಯ ತವರಿನಲ್ಲಿ ಗೃಹಪ್ರವೇಶ. ಮಾವನ ಪಕ್ಕ ನಾನು, ಹಿಂದಿನ ಸೀಟಿನಲ್ಲಿ ಅತ್ತೆ. ಶ್ರೀನಿವಾಸಪುರದ ರಸ್ತೆಯಲ್ಲಿ ಮಾವಿನಕಾಯಿ ತುಂಬಿದ ಲಾರಿಯೊಂದು ನಮ್ಮ ಮುಂದೆ ತೇಕುತ್ತಿತ್ತು. "ಈಗ ನೋಡ್ಲಾ ನಮ್ಮ ಗಾಡಿ ದಮ್ಮು!" ಎಂದು ಮಾವ ಬಲಕ್ಕೆ ತಿರುಗಿಸಿ ಆಕ್ಸಿಲರೇಟರ್ ತುಳಿದರು. ಲಾರಿಯ ಅರ್ಧದವರೆಗೆ ಗರುಡನಂತೆ ಹೋದೆವು. ಅಲ್ಲಿ ಕಾರು, ಗಂಟಲಿಗೆ ಮುದ್ದೆ ಸಿಕ್ಕಿಕೊಂಡವರ ಹಾಗೆ ಗೊರಗುಟ್ಟಿ ಸೋತಿತು. ತುಳಿದಷ್ಟೂ ನಿಧಾನ! ಎದುರಿಗೆ ಬಸ್ಸು! ಅದರ ಡ್ರೈವರ್ ಬಾಯಿ ತೆರೆದದ್ದು ಕಂಡಿತು. ಬಾಯೊಳಗಿನ ಎಲೆಅಡಿಕೆಯೂ ಕಂಡಿತು. ಈಗಲೂ ಹಲ್ಲುಜ್ಜಲು ನಿಂತರೆ ಕನ್ನಡಿಯಲ್ಲಿ ನನ್ನ ಬಾಯಿ ಕಾಣುವುದಿಲ್ಲ, ಅದೇ ಬಾಯಿ ಕಾಣುತ್ತದೆ.

ಲಾರಿಯವನು ಪುಣ್ಯಾತ್ಮ, ಬ್ರೇಕ್ ಒತ್ತಿ ಜಾಗ ಬಿಟ್ಟ. ಮಾವ ಎಡಕ್ಕೆ ಎಳೆದರು. ಬಸ್ಸು ನಮ್ಮ ಬಲಗಡೆಯ ಕನ್ನಡಿಯನ್ನಷ್ಟೇ ಪ್ರಸಾದವಾಗಿ ತೆಗೆದುಕೊಂಡು ಹೋಯಿತು. ಕಾರು ಮಾವಿನ ತೋಪಿನ ಬೇಲಿಗೆ ಮುತ್ತಿಕ್ಕುವಂತೆ ಹೋಗಿ ನಿಂತಿತು.

ಹಿಂದಿನ ಸೀಟಿನಲ್ಲಿ ಪುಂಗಿ ಶುರುವಾಗಿತ್ತು.

ನಾನಿನ್ನೂ ಬೆಲ್ಟಿನ ಗುಂಡಿ ಹುಡುಕುತ್ತಿದ್ದೆ. ಮಾವ ಅದಾಗಲೇ ಇಳಿದು, ಹಿಂದಿನ ಬಾಗಿಲು ತೆರೆದು, ಮಣ್ಣಿನಲ್ಲಿ ಮಂಡಿಯೂರಿ ಕೂತಿದ್ದರು. ಅಂಗಿಯ ಜೇಬಿನಿಂದ ಇನ್‌ಹೇಲರ್ ತೆಗೆದು ಅತ್ತೆಯ ಬಾಯಿಗಿಟ್ಟರು. "ಮೆಲ್ಲಗಾ… ಮೆಲ್ಲಗಾ…" ತೆಲುಗಿನಲ್ಲಿ! ಅತ್ತೆ ಎಳೆದಾಗ ತಾವೂ ಎಳೆದರು, ಬಿಟ್ಟಾಗ ತಾವೂ ಬಿಟ್ಟರು. ಇಬ್ಬರದೂ ಒಂದೇ ಲಯ. ಎಷ್ಟು ವರ್ಷಗಳ ಅಭ್ಯಾಸವೋ!

ಪುಂಗಿ ತಗ್ಗಿತು. ಅತ್ತೆ ಕಣ್ಣು ಬಿಟ್ಟು, "ಎಣ್ಣೆ ಸಾಕಾಯ್ತಾ, ಇನ್ನೂ ಒಂದು ಬಟ್ಟಲು ಹಾಕ್ತೀರಾ?" ಎಂದರು. ನಾನು ಹುಚ್ಚನಂತೆ ನಕ್ಕೆ. ಮಾವ ನಗಲಿಲ್ಲ.

ಹೋಗಿ ಬಾನೆಟ್ ಎತ್ತಿದರು. ಹರಳೆಣ್ಣೆ ಕುಡಿದು ಧೂಳು ತಿಂದ ಕೆಂಪು ಫಿಲ್ಟರ್ ಸೀದ ಒಬ್ಬಟ್ಟಿನಂತಾಗಿತ್ತು. ಅದನ್ನು ತೆಗೆದಿಟ್ಟು, ಡಿಕ್ಕಿಯಿಂದ ಅತ್ತೆಯ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ್ದ ಕಾಗದದ ಫಿಲ್ಟರನ್ನು ತಂದರು. ಕೂರಿಸುವ ಮೊದಲು, ಎಂದಿನಂತೆ, ಮುಖಕ್ಕೆ ಒತ್ತಿಕೊಂಡರು.

ಒತ್ತಿಕೊಂಡವರು ತೆಗೆಯಲೇ ಇಲ್ಲ. ಫಿಲ್ಟರಿನ ಹಿಂದೆ ಭುಜಗಳು ಮಾತ್ರ ಅಲುಗುತ್ತಿದ್ದವು.

ಹಿಂದಿನ ಸೀಟಿನಿಂದ ಅತ್ತೆ ಕೂಗಿದರು, "ರೀ, ಸಾಕು ಬನ್ನಿ. ನಾನು ಉಸಿರಾಡ್ತಾ ಇದೀನಿ."