ಮೈನಸ್ ಅರವತ್ತರ ಕೇಕು

ಒಂದು ಫ್ರಿಜ್ ಎಷ್ಟೇ ಏದುಸಿರು ಬಿಟ್ಟರೂ ಅದರ ಉಷ್ಣಾಂಶ ಒಂದು ಮಟ್ಟಕ್ಕಿಂತ ಕೆಳಗಿಳಿಯದು. ಆದರೆ ಅದರ ತಣ್ಣನೆಯ ಹೊಟ್ಟೆಯೊಳಗೆ ಇನ್ನೊಂದು ಯಂತ್ರದ ಬಿಸಿ ಕೊಳವೆಯನ್ನು ಇಟ್ಟು ನೋಡಿ. ಮೊದಲನೆಯದು ಎರಡನೆಯದರ ಸೆಕೆ ನುಂಗುತ್ತದೆ, ಎರಡನೆಯದು ಸೀದಾ ಪಾತಾಳಕ್ಕಿಳಿಯುತ್ತದೆ. ಈ ಎರಡು ಹಂತದ ಸತ್ಯವನ್ನು ವಿಜ್ಞಾನದ ಮೇಷ್ಟ್ರು ಬೀದಿಯಲ್ಲಿ ಸಿಕ್ಕವರಿಗೆಲ್ಲ ವಿವರಿಸಿದ್ದರು. ಆ ಮೊದಲನೆಯ ಫ್ರಿಜ್ ಹೆಂಡತಿಯದು ಎಂಬುದನ್ನು ಮಾತ್ರ ವಿವರಿಸಿರಲಿಲ್ಲ.

"ಒಂದು ಸಣ್ಣ ಕೊಳವೆ ಕಣೇ, ಮೂಲೇಲಿ ಇರತ್ತೆ. ನಿನ್ನ ಹಾಲಿಗೂ ಗೊತ್ತಾಗಲ್ಲ" ಎಂದು ಅವಳನ್ನು ಒಪ್ಪಿಸಿದ್ದರು.

ಹಾಲಿಗೆ ಗೊತ್ತಾಗಲಿಲ್ಲವೋ ಏನೋ, ಕ್ರೀಮಿಗೆ ಗೊತ್ತಾಯಿತು.

"ರೀ! ಕೇಕು ಬೆವರ್ತಿದೆ!"

ಮೇಷ್ಟ್ರು ಓಡಿ ಬಂದರು. ಅವರು ಪಕ್ಕದಲ್ಲಿ ಕಟ್ಟಿ ನಿಲ್ಲಿಸಿದ್ದ ಶೈತ್ಯದ ಪೆಟ್ಟಿಗೆಯ ಬಿಸಿಯನ್ನೆಲ್ಲ ಕುಡಿದು, ಫ್ರಿಜ್ ಒಳಗೆ ಕ್ರೀಮು ತಡೆಯುವಷ್ಟು ಚಳಿ ಉಳಿದಿರಲಿಲ್ಲ. ಕೇಕು ಹಲ್ಲಿನ ಡಾಕ್ಟರಮ್ಮನದು, ಮರುದಿನದ ಮಗಳ ಹುಟ್ಟುಹಬ್ಬಕ್ಕೆ. ಸಂಜೆ ಬಂದು ಪಕ್ಕದ ಊರಿಗೆ ಒಯ್ಯುವವರಿದ್ದರು. ಹೆಂಡತಿಗೆ ಅದು ಮೊದಲ ದೊಡ್ಡ ಆರ್ಡರು. ಅರ್ಧ ಊರು ಡಾಕ್ಟರಮ್ಮನ ಮುಂದೆ ಬಾಯಿ ತೆರೆದುಕೊಂಡು ಕೂರುತ್ತದೆ. ಅವರು ಕೇಕನ್ನು ಹೊಗಳಿದರೂ ತೆಗಳಿದರೂ ಎದುರು ಮಾತಾಡುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ.

"ಮೊದಲು ಅದನ್ನ ಆಫ್ ಮಾಡಿ!"

"ಆಫ್ ಮಾಡಿದ್ರೂ ನಿನ್ನ ಫ್ರಿಜ್ ಸುಧಾರಿಸ್ಕೊಳ್ಳೋಕೆ ರಾತ್ರಿ ಆಗತ್ತೆ. ನನ್ನ ಮಹಾಶೈತ್ಯ ಸಂಪುಟದಲ್ಲಿ ಇಡೋಣ."

"ಆ ಥರ್ಮಾಕೋಲ್ ಡಬ್ಬದಲ್ಲಾ?"

(ಒಂದೇ ವಸ್ತುವಿಗೆ ಎರಡು ಹೆಸರು. ಸಂಸಾರ ಅಂದರೆ ಇದೇ.)

ಬೇರೆ ದಾರಿಯಿರಲಿಲ್ಲ. ಕೇಕು ಒಳಗೆ ಹೋಯಿತು, ಮುಚ್ಚಳ ಬಿತ್ತು. ಮೀಟರಿನ ಮುಳ್ಳು ಇಳಿಯಿತು, ಇನ್ನೂ ಇಳಿಯಿತು. ಮೈನಸ್ ಅರವತ್ತು! ಮೇಷ್ಟ್ರು ಅದನ್ನು ಕಣ್ತುಂಬಿಕೊಳ್ಳುತ್ತಿದ್ದಾಗ ಹೆಂಡತಿ, "ಸಾಕು, ತೆಗೀರಿ" ಎಂದಳು.

ಮುಚ್ಚಳ ಬರಲಿಲ್ಲ.

ಅಡುಗೆಮನೆಯ ತೇವವೆಲ್ಲ ಅಂಚಿನಲ್ಲಿ ಹೆಪ್ಪುಗಟ್ಟಿ, ಮುಚ್ಚಳವೂ ಪೆಟ್ಟಿಗೆಯೂ ಒಂದಾಗಿದ್ದವು. ಮೇಷ್ಟ್ರು ಯಂತ್ರ ನಿಲ್ಲಿಸಿ ಎಳೆದರು. ಇಡೀ ಪೆಟ್ಟಿಗೆಯೇ ಎದ್ದು ಬಂತು. ಅಂಚಿಗೆ ಬಿಸಿನೀರು ಹೊಯ್ದರು. ಅದು ಸಂದಿಗಿಳಿದು ಅಲ್ಲೇ ಗಟ್ಟಿಯಾಯಿತು.

"ಭಲೇ! ಬೀಗಕ್ಕೆ ಇನ್ನೊಂದು ಬೀಗ ಹಾಕಿದ್ರಿ."

"ಗಾಬರಿ ಬೇಡ. ಬಿಟ್ರೆ ತಾನಾಗೇ ಕರಗತ್ತೆ."

"ಯಾವಾಗ?"

ಮೇಷ್ಟ್ರು ಪ್ರಾಮಾಣಿಕರು. ಗೋಡೆಯ ದಪ್ಪ, ಒಳಗಿನ ಚಳಿ, ಹೊರಗಿನ ಸೆಕೆ ಎಲ್ಲವನ್ನೂ ಮನಸ್ಸಿನಲ್ಲೇ ಗುಣಿಸಿದರು. ಉತ್ತರ ಹೇಳುವಾಗ ದನಿಯಲ್ಲಿ ಹೆಮ್ಮೆ ಇಣುಕಿದ್ದನ್ನು ತಡೆಯಲಾಗಲಿಲ್ಲ.

"ನಾಳೆ ಮಧ್ಯಾಹ್ನ. ಅಷ್ಟು ಚೆನ್ನಾಗಿ ಕಟ್ಟಿದೀನಿ ಕಣೇ!"

ಬಾಗಿಲ ಗಂಟೆ ಸದ್ದು ಮಾಡಿತು. ಹೆಂಡತಿ ಬ್ರೆಡ್ ಕೊಯ್ಯುವ ಚಾಕು ಕೈಗೆತ್ತಿಕೊಂಡಳು. ಮೇಷ್ಟ್ರು ಗೋಡೆಗೆ ಅಂಟಿ ನಿಂತರು. (ಚಾಕು ಪೆಟ್ಟಿಗೆಗೆ ಎಂದು ಖಾತ್ರಿಯಾಗುವವರೆಗೆ ವಿಜ್ಞಾನಿಗೂ ಜೀವಭಯ ಇರುತ್ತದೆ.)

"ಕೊಳವೆ ಎಲ್ಲಿದೆ, ಬೇಗ ಹೇಳಿ!"

"ಕೆಳಗೆ... ಅಯ್ಯೋ, ಇನ್ನೂ ಮೇಲೆ ಕೊಯ್ಯೇ! ಅಂಚಿಗೆ! ಅಂಚಿಗೆ!"

ತಿಂಗಳುಗಟ್ಟಲೆ ಅಂಟಿಸಿದ್ದು ಕರಕರನೆ ಹೋಳಾಯಿತು. ಮುಚ್ಚಳ ಕಳಚಿ ಬೀಳುವುದಕ್ಕೂ ಡಾಕ್ಟರಮ್ಮ ಬಾಗಿಲು ತಳ್ಳಿ ಒಳಗೆ ಬರುವುದಕ್ಕೂ ಸರಿಹೋಯಿತು. ಬಿಳಿ ಹೊಗೆಯ ನಡುವೆ ಕೇಕು ಕೂತಿತ್ತು. ಕ್ರೀಮಿನ ಒಂದು ಹೂವೂ ಕೆಟ್ಟಿರಲಿಲ್ಲ.

ಡಾಕ್ಟರಮ್ಮ ಬಗ್ಗಿ, ದವಡೆಹಲ್ಲು ಪರೀಕ್ಷಿಸುವವರಂತೆ ಉಗುರಿನಿಂದ ತಟ್ಟಿದರು. ಟಕ್ ಟಕ್.

ಹೆಂಡತಿ ಚಾಕುವನ್ನು ಬೆನ್ನ ಹಿಂದೆ ಅಡಗಿಸಿದಳು.

"ಎಷ್ಟು ಗಟ್ಟಿಯಾಗಿದೆ!" ಎಂದರು ಡಾಕ್ಟರಮ್ಮ. "ಕಾರಿನ ಎ.ಸಿ. ಕೆಟ್ಟಿದೆ, ದಾರೀಲೆಲ್ಲ ಕರಗಿ ಹೋಗತ್ತೆ ಅಂತ ಪ್ರಾಣ ಹೋಗ್ತಿತ್ತು ನನಗೆ. ಈ ಪೆಟ್ಟಿಗೇನೂ ಕೊಡ್ತೀರಾ?"

"ಧಾರಾಳವಾಗಿ" ಎಂದಳು ಹೆಂಡತಿ. "ರೀ, ಆ ಕೊಳವೆ ಗಿಳವೆ ತೆಗೆದು, ಕಾರಲ್ಲಿಟ್ಟು ಬನ್ನಿ."

ಮಹಾಶೈತ್ಯದ ಕೊಳವೆ ಸುರುಳಿಯನ್ನು ಮೇಷ್ಟ್ರೇ ಎತ್ತಿ ಹೊರಗಿಟ್ಟರು. ಮುಚ್ಚಳಕ್ಕೆ ಟೇಪು ಸುತ್ತಿದ್ದೂ ಅವರೇ.

ಮಾರನೆಯ ದಿನ ಸಂಜೆ ಹೆಂಡತಿ ಫೋನ್ ಕೆಳಗಿಟ್ಟು ನಗುನಗುತ್ತಾ ಬಂದಳು. "ಕೇಕು ಮಧ್ಯಾಹ್ನ ಹುಟ್ಟುಹಬ್ಬದ ಹೊತ್ತಿಗೆ ಹದವಾಗಿತ್ತಂತೆ. ಎಲ್ಲರೂ ಆರ್ಡರ್ ಕೊಡ್ತಿದಾರೆ. ನಿಮ್ಮ ಪೆಟ್ಟಿಗೇನೂ ಹೊಗಳಿದರಂತೆ. ಅಂಥದ್ದೇ ಇನ್ನಷ್ಟು ಬೇಕು, ಮಾಡ್ತೀರಾ?"

ಮೇಷ್ಟ್ರ ಮುಖ ಅರಳಿತು. ಕೊನೆಗೂ ಮನೆಯಲ್ಲಿ ವಿಜ್ಞಾನಕ್ಕೆ ಬೆಲೆ ಬಂತು!

"ಎರಡು ಹಂತದ್ದು ಸಾಕಾ, ಮೂರು ಹಂತದ್ದು ಮಾಡಲಾ?"

"ಹಂತ ಗಿಂತ ಏನೂ ಬೇಡ" ಎಂದಳು ಹೆಂಡತಿ. "ಖಾಲಿ ಡಬ್ಬ."